ಪಂಡಿತಾ ರಮಾಬಾಯಿ

ಗಂಡು ಮಾಡಬೇಕಾದ ಕೆಲಸ ಇಷ್ಟು, ಹೆಣ್ಣು ಮಾಡಬೇಕಾದ ಕೆಲಸ ಇಷ್ಟು ಎಂದು ಪ್ರತಿಯೊಂದು ಸಮಾಜವೂ ಒಂದು ಗೆರೆಯನ್ನು ಎಳೆದುಕೊಂಡಿರುತ್ತದೆ. ಕಾಲ ಕಳೆದಂತೆ ಜನರು ಅದು ಮನುಷ್ಯರು ಎಳೆದ ಗೆರೆಯೆಂಬುದನ್ನು ಮರೆಯುತ್ತಾರೆ. ಪ್ರಕೃತಿಯೇ ಹಾಕಿಕೊಟ್ಟ ಎಲ್ಲೆಯೆಂದು ನಂಬತೊಡಗುತ್ತಾರೆ. ಹೆಣ್ಣಿಗೆ ಶಾಸ್ತ್ರ ತಿಳಿಯದು, ಸಭೆಯಲ್ಲಿ ನಿಂತು ಮಾತನಾಡುವ ಧೈರ್ಯ ಅವಳಿಗಿಲ್ಲ, ಒಂದು ಸಂಸ್ಥೆಯನ್ನು ನಡೆಸುವ ಬುದ್ಧಿ ಅವಳಿಗೆ ಸಾಲದು ಎಂಬ ಮಾತುಗಳು ಹೀಗೆಯೇ ಬೇರೂರಿದವು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಈ ಮಾತುಗಳನ್ನು ತಮ್ಮ ಬಾಳಿನಿಂದಲೇ ಪರೀಕ್ಷೆಗೆ ಒಡ್ಡಿದ ಮಹಿಳೆಯರಲ್ಲಿ ಪಂಡಿತಾ ರಮಾಬಾಯಿಯವರು ಪ್ರಮುಖರು.

ರಮಾಬಾಯಿಯವರ ಹೆಸರು ಮಹಾರಾಷ್ಟ್ರದೊಡನೆ ಬೆಸೆದುಕೊಂಡಿದ್ದರೂ ಅವರು ಹುಟ್ಟಿದ್ದು ಕನ್ನಡ ನಾಡಿನ ಮಲೆಗಳಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದವರು. ತರುಣ ಅನಂತಶಾಸ್ತ್ರಿಗಳು ಸಂಸ್ಕೃತಾಧ್ಯಯನಕ್ಕಾಗಿ ಪುಣೆಗೆ ಹೋಗಿದ್ದರು. ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಹೆಂಗಸೊಬ್ಬಳು ದೇವಭಾಷೆಯ ಶ್ಲೋಕಗಳನ್ನು ಸ್ಫುಟವಾಗಿ ಓದುವುದನ್ನು ಕೇಳಿ ಶಿಷ್ಯನಿಗೆ ಆಶ್ಚರ್ಯವೂ ಆನಂದವೂ ಉಂಟಾಯಿತು. ಅರಮನೆಯ ಹೆಣ್ಣಿಗೆ ಸಾಧ್ಯವಾದುದು ತನ್ನ ಮನೆಯ ಹೆಣ್ಣಿಗೆ ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೊಳೆಯಿತು. ಊರಿಗೆ ಮರಳಿದ ಮೇಲೆ ತಮ್ಮ ಪತ್ನಿಗೆ ಪಾಠ ಹೇಳಲು ಯತ್ನಿಸಿದರು. ಆದರೆ ಮನೆಯ ಹಿರಿಯರು ಒಪ್ಪಲಿಲ್ಲ. ಆಕೆಗೂ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು.

ಮೊದಲ ಪತ್ನಿ ತೀರಿಕೊಂಡ ಬಳಿಕ ಅನಂತಶಾಸ್ತ್ರಿಗಳು ತೀರ್ಥಯಾತ್ರೆ ಹೊರಟರು. ಗೋದಾವರೀ ತೀರದ ಪೈಠಣದಲ್ಲಿ, ತನ್ನ ಕುಟುಂಬದೊಡನೆ ಯಾತ್ರೆಗೆ ಬಂದಿದ್ದ ಬ್ರಾಹ್ಮಣನೊಬ್ಬನು ಅವರನ್ನು ಕಂಡು ತನ್ನ ಒಂಬತ್ತು ವರ್ಷದ ಮಗಳನ್ನು ಕೊಡಲು ಮುಂದಾದನು. ಆಗ ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಮರುದಿನವೇ ಮದುವೆ ನಡೆದುಹೋಯಿತು. ಇಂದಿನ ನಮಗೆ ಇದು ಅನ್ಯಾಯವೆಂದು ತೋರುತ್ತದೆ. ಅದು ಅನ್ಯಾಯವೇ ಹೌದು. ಅಂದಿನ ಸಮಾಜದ ಕಣ್ಣಿಗೆ ಮಾತ್ರ ಅದು ವಾಡಿಕೆಯಾಗಿತ್ತು. ವಾಡಿಕೆಯಲ್ಲದ ಸಂಗತಿ ಆಮೇಲೆ ನಡೆಯಿತು. ಶಾಸ್ತ್ರಿಗಳು ಲಕ್ಷ್ಮೀಬಾಯಿ ಎಂಬ ಆ ಬಾಲೆಯನ್ನು ಮನೆಗೆ ಕರೆತಂದು ಅವಳಿಗೆ ಸಂಸ್ಕೃತವನ್ನು ಕಲಿಸತೊಡಗಿದರು.

ಈ ಸುದ್ದಿ ಊರಿನಲ್ಲಿ ಕೋಲಾಹಲವನ್ನೇ ಎಬ್ಬಿಸಿತು. ಹೆಣ್ಣಿಗೆ ದೇವಭಾಷೆಯನ್ನು ಕಲಿಸುವುದು ಧರ್ಮವಿರೋಧವೆಂದು ಪಂಡಿತರು ಆಕ್ಷೇಪಿಸಿದರು. ಬಹಿಷ್ಕಾರದ ಬೆದರಿಕೆ ಬಂದಿತು. ಉಡುಪಿಯಲ್ಲಿ ವಿದ್ವಾಂಸರ ಸಭೆ ಸೇರಿ ಶಾಸ್ತ್ರಿಗಳನ್ನು ವಿಚಾರಣೆಗೆ ಕರೆಯಿತು. ಅವರು ಅಂಜಲಿಲ್ಲ. ಧರ್ಮಗ್ರಂಥಗಳನ್ನೆಲ್ಲ ಸೋಸಿ ನೋಡಿ, ಸ್ತ್ರೀಯರು ಸಂಸ್ಕೃತವನ್ನು ಕಲಿಯಬಾರದೆಂಬ ನಿಷೇಧವಿಲ್ಲವೆಂದು ಆಧಾರಸಹಿತವಾಗಿ ವಾದಿಸಿದರು. ಆದರೆ ಅವರ ವಾದಕ್ಕೂ ಒಂದು ಮಿತಿಯಿತ್ತು. ಕಾವ್ಯ, ವ್ಯಾಕರಣ, ಪುರಾಣಗಳನ್ನು ಹೆಣ್ಣು ಓದಬಹುದು. ವೇದವನ್ನು ಓದಬಾರದು ಎಂಬುದು ಅವರ ನಂಬಿಕೆಯಾಗಿತ್ತು. ತಂದೆ ಗೆರೆಯನ್ನು ಅಳಿಸಲಿಲ್ಲ; ಅದನ್ನು ಒಂದಿಷ್ಟು ಆಚೆಗೆ ಸರಿಸಿದರು. ಅಷ್ಟಕ್ಕೇ ಅವರು ತೆತ್ತ ಬೆಲೆ ದೊಡ್ಡದಾಗಿತ್ತು. ಜನರ ನಿಷ್ಠುರವನ್ನು ಕಟ್ಟಿಕೊಂಡು, ಪತ್ನಿಯೊಡನೆ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡು ನೆಲೆಸಿದರು. ತುಂಗಾ, ಭದ್ರಾ, ನೇತ್ರಾವತೀ ನದಿಗಳು ಹುಟ್ಟುವ ಆ ಮಲೆಯಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು.

ಅತಿಥಿಸತ್ಕಾರದಲ್ಲಿ ಅನಂತಶಾಸ್ತ್ರಿಗಳ ಆಸ್ತಿಯೆಲ್ಲ ಕರಗಿತು. ರಮೆ ಇನ್ನೂ ಹಸುಗೂಸಾಗಿರುವಾಗಲೇ ಕುಟುಂಬವು ಕಾಡನ್ನು ಬಿಟ್ಟು ಯಾತ್ರೆಗೆ ಹೊರಟಿತು. ಮುಂದಿನ ವರ್ಷಗಳಲ್ಲಿ ಅವರಿಗೆ ಸ್ಥಿರವಾದ ಮನೆಯೆಂಬುದಿರಲಿಲ್ಲ. ದೇವಾಲಯಗಳಲ್ಲಿಯೂ ನದೀತೀರಗಳಲ್ಲಿಯೂ ಕುಳಿತು ಪುರಾಣವನ್ನು ಓದಿ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಜೀವಿಸುವುದು ಅವರ ವೃತ್ತಿಯಾಯಿತು. ತಂದೆಗೆ ವಯಸ್ಸಾಗಿ ದೃಷ್ಟಿ ಮಂದವಾಗುತ್ತ ಬಂದುದರಿಂದ ಮಗಳಿಗೆ ಪಾಠ ಹೇಳುವ ಹೊಣೆಯನ್ನು ತಾಯಿ ಲಕ್ಷ್ಮೀಬಾಯಿ ವಹಿಸಿಕೊಂಡರು. ಹಗಲೆಲ್ಲ ಅಡುಗೆ, ನೀರು, ಮಕ್ಕಳ ಆರೈಕೆಗಳಲ್ಲಿ ಮುಳುಗಿರುತ್ತಿದ್ದ ಆ ತಾಯಿಗೆ ಬಿಡುವು ದೊರೆಯುತ್ತಿದ್ದುದು ನಸುಕಿನಲ್ಲಿ ಮಾತ್ರ. ಕೋಳಿ ಕೂಗುವ ಮೊದಲೇ ನಿದ್ದೆಗಣ್ಣಿನ ಮಗಳನ್ನು ಎತ್ತಿ ಕೂರಿಸಿಕೊಂಡು, ಮುದ್ದಿಸಿ ಎಚ್ಚರಿಸಿ, ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹದಿಹರೆಯಕ್ಕೆ ಬರುವ ಹೊತ್ತಿಗೆ ಭಾಗವತದ ಸಾವಿರಾರು ಶ್ಲೋಕಗಳು ರಮೆಗೆ ಕಂಠಸ್ಥವಾಗಿದ್ದವು. ಹೋದಹೋದಲ್ಲಿ ಕಿವಿಗೆ ಬಿದ್ದ ಕನ್ನಡ, ಹಿಂದಿ, ಬಂಗಾಳಿ ಭಾಷೆಗಳೂ ಅವಳಿಗೆ ಬಂದವು.

ಹಿರಿಯ ಮಗಳು ಕೃಷ್ಣಾಬಾಯಿಗೆ ಅನಂತಶಾಸ್ತ್ರಿಗಳು ಬಾಲ್ಯದಲ್ಲಿಯೇ ಮದುವೆ ಮಾಡಿದ್ದರು. ಆ ಮದುವೆ ಕೆಟ್ಟು ಮಗಳ ಬಾಳು ದುಃಖಮಯವಾಯಿತು. ಅದನ್ನು ಕಣ್ಣಾರೆ ಕಂಡ ತಂದೆ, ಕಿರಿಯ ಮಗಳನ್ನು ಎಳವೆಯಲ್ಲಿ ಮದುವೆ ಮಾಡಿಕೊಡದೆ ಓದಿಗೆ ಬಿಟ್ಟರು. ತಾವೇ ಒಂಬತ್ತರ ಬಾಲೆಯನ್ನು ವರಿಸಿದ್ದ ವ್ಯಕ್ತಿ, ಅನುಭವದಿಂದ ಪಾಠ ಕಲಿತು ನಂಬಿಕೆಯನ್ನು ತಿದ್ದಿಕೊಂಡುದು ಗಮನಾರ್ಹವಾದ ಸಂಗತಿ.

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಕಾಡಿತು. ಪುರಾಣ ಕೇಳುವವರಿಲ್ಲ, ಕೇಳಿದರೂ ಕೊಡುವುದಕ್ಕೆ ಕಾಳಿಲ್ಲ. ಕೂಲಿಯ ಕೆಲಸವನ್ನು ಅರಿಯದ, ಬೇಡುವುದಕ್ಕೆ ನಾಚುವ ಆ ಕುಟುಂಬ ಉಪವಾಸ ಬಿದ್ದಿತು. ಕೆಲವು ತಿಂಗಳುಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ಕಣ್ಣುಮುಚ್ಚಿದರು. ತಾಯಿ ತೀರಿಕೊಂಡಾಗ ಹೆಣವನ್ನು ಹೊರಲು ಜನರಿರಲಿಲ್ಲ. ಕನಿಕರಪಟ್ಟ ಇಬ್ಬರು ಬ್ರಾಹ್ಮಣರು ಬಂದರು; ಅಣ್ಣ ಶ್ರೀನಿವಾಸನು ಮೂರನೆಯವನಾದನು. ನಾಲ್ಕನೆಯ ಹೆಗಲು ರಮೆಯದು. ಹೆಣ್ಣು ಚಟ್ಟಕ್ಕೆ ಹೆಗಲು ಕೊಡಬಾರದೆಂಬುದು ರೂಢಿ. ಅಂದು ರೂಢಿಯನ್ನು ನೆನೆದು ಕೂರುವಂತಿರಲಿಲ್ಲ. ರಮೆ ಕುಳ್ಳಾದುದರಿಂದ ಅವಳ ಹೆಗಲು ಉಳಿದವರ ಹೆಗಲಿನ ಎತ್ತರಕ್ಕೆ ನಿಲುಕಲಿಲ್ಲ. ಅವಳು ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲಿ ನಡೆದಳು.

ಉಳಿದ ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ದೇಶವನ್ನೆಲ್ಲ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಅವಿವಾಹಿತ ಹೆಣ್ಣುಮಗಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಆ ನಗರದ ವಿದ್ವಾಂಸರು ಬೆರಗಾದರು. ಅವರು ರಮಾಬಾಯಿಯವರನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನು ನೀಡಿದರು. ಬ್ರಹ್ಮಸಮಾಜದ ನಾಯಕರಾದ ಕೇಶವಚಂದ್ರ ಸೇನರು ವೇದಗಳನ್ನು ಓದಿದ್ದೀರಾ ಎಂದು ಅವರನ್ನು ಕೇಳಿದರು. ಹೆಂಗಸರಿಗೆ ಅದು ವರ್ಜ್ಯವೆಂದು ನಂಬಿದ್ದ ರಮಾಬಾಯಿಯವರು ಇಲ್ಲವೆಂದರು. ಸೇನರು ವೇದದ ಒಂದು ಪ್ರತಿಯನ್ನು ಅವರ ಕೈಗಿತ್ತರು. ಹಲವು ದಿನಗಳ ಅಳುಕಿನ ಬಳಿಕ ರಮಾಬಾಯಿಯವರು ಅದನ್ನು ತೆರೆದರು. ತಂದೆ ನಿಂತ ಎಲ್ಲೆಯನ್ನು ಮಗಳು ದಾಟಿದಳು.

ಕಲ್ಕತ್ತೆಯಲ್ಲಿಯೇ ಅವರಿಗೆ ಮತ್ತೊಂದು ಅನುಭವವಾಯಿತು. ಮಹಿಳೆಯರಿಗೆ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಕೆಲವರು ಕೋರಿದ್ದರಿಂದ ಧರ್ಮಶಾಸ್ತ್ರಗಳನ್ನು ಅವರು ಆಳವಾಗಿ ಓದಬೇಕಾಯಿತು. ಎಷ್ಟೋ ವಿಷಯಗಳಲ್ಲಿ ಒಂದು ಗ್ರಂಥ ಇನ್ನೊಂದರೊಡನೆ ಜಗಳವಾಡುತ್ತಿತ್ತು. ಆದರೆ ಸ್ತ್ರೀಯರೂ ಶೂದ್ರರೂ ಕೀಳೆಂಬ ಮಾತಿನಲ್ಲಿ ಮಾತ್ರ ಅವೆಲ್ಲವೂ ಒಂದಾಗಿರುವಂತೆ ಅವರಿಗೆ ತೋರಿತು. ಈ ಅರಿವು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಅಣ್ಣನ ಗೆಳೆಯರೂ ಬ್ರಾಹ್ಮಣೇತರರೂ ಆದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಜಾತಿಯನ್ನು ಮೀರಿದ ಆ ವಿವಾಹ ಎರಡೂ ಕಡೆಯ ಬಂಧುಗಳಿಗೆ ಹಿಡಿಸಲಿಲ್ಲ. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಮೇಧಾವಿಯವರು ಕಾಲರಾ ರೋಗಕ್ಕೆ ತುತ್ತಾದರು. ಇಪ್ಪತ್ನಾಲ್ಕು ತುಂಬುವ ಮೊದಲೇ ರಮಾಬಾಯಿಯವರು ವಿಧವೆಯಾದರು. ಅಂದಿನ ಮೇಲುಜಾತಿಯ ವಿಧವೆಗೆ ಕೇಶಮುಂಡನ, ಒಪ್ಪೊತ್ತಿನ ಊಟ, ಮನೆಯ ಮೂಲೆ, ಅಪಶಕುನವೆಂಬ ಹೆಸರು ಇವಿಷ್ಟೇ ಭಾಗ್ಯ. ರಮಾಬಾಯಿಯವರು ಕೂಸನ್ನು ಎತ್ತಿಕೊಂಡು ಪುಣೆಗೆ ಬಂದು, ಸಾರ್ವಜನಿಕ ಕಾರ್ಯಕ್ಕೆ ತೊಡಗಿದರು.

ಆ ವರ್ಷವೇ ಅವರು ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಪುಸ್ತಕವನ್ನು ಪ್ರಕಟಿಸಿದರು. ಹೆಣ್ಣಿನ ದುರವಸ್ಥೆಗೆ ಅವಳ ಅಜ್ಞಾನವೂ ಆಲಸ್ಯವೂ ಮುಖ್ಯ ಕಾರಣಗಳೆಂದು ಆ ಪುಸ್ತಕದಲ್ಲಿ ಭಾವಿಸಿದ್ದ ಅವರು, ಸ್ವಾವಲಂಬನೆಯನ್ನೂ ವಿದ್ಯೆಯನ್ನೂ ಬೋಧಿಸಿದರು. ಮುಂದೆ ಅನುಭವ ಬೆಳೆದಂತೆ ಈ ಅಭಿಪ್ರಾಯವೂ ಬದಲಾಯಿತು. ಕಲಿಯುವ ಬಾಗಿಲನ್ನೇ ಮುಚ್ಚಿ, ಕಲಿಯಲಿಲ್ಲವೆಂದು ಹಳಿಯುವುದು ನ್ಯಾಯವಲ್ಲವೆಂಬುದನ್ನು ಅವರು ಕಂಡುಕೊಂಡರು. ಸರ್ಕಾರವು ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ 1882ರಲ್ಲಿ ಸಾಕ್ಷ್ಯ ನುಡಿದಾಗ ಅವರು ಎರಡು ಸಂಗತಿಗಳನ್ನು ಒತ್ತಿ ಹೇಳಿದರು. ಒಂದು, ಹೆಣ್ಣುಮಕ್ಕಳ ಶಾಲೆಗಳಿಗೆ ತರಬೇತಾದ ಅಧ್ಯಾಪಕಿಯರೂ ಮಹಿಳಾ ತನಿಖಾಧಿಕಾರಿಗಳೂ ಬೇಕು. ಎರಡು, ಪುರುಷ ವೈದ್ಯರಿಗೆ ತಮ್ಮ ಬೇನೆಯನ್ನು ಹೇಳಿಕೊಳ್ಳಲಾರದೆ ಸಾಯುತ್ತಿರುವ ಸ್ತ್ರೀಯರಿಗಾಗಿ ಮಹಿಳಾ ವೈದ್ಯರು ಬೇಕು. ಸ್ತ್ರೀಯ ಸ್ಥಾನ ಮನೆಯೊಳಗೆ ಎನ್ನುತ್ತಿದ್ದ ಸಮಾಜಕ್ಕೆ, ಆ ಮನೆಯೊಳಗಿನ ಸ್ತ್ರೀಯ ಪ್ರಾಣ ಉಳಿಯಬೇಕಾದರೆ ಕೆಲವು ಸ್ತ್ರೀಯರಾದರೂ ಹೊರಗೆ ಬಂದು ಕಲಿಯಲೇಬೇಕೆಂಬುದನ್ನು ಅವರು ತಿಳಿಸಿಕೊಟ್ಟರು.

ವೈದ್ಯಕೀಯವನ್ನು ಕಲಿಯಬೇಕೆಂಬ ಹಂಬಲದಿಂದ 1883ರಲ್ಲಿ ರಮಾಬಾಯಿಯವರು ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತ ಸಂಸ್ಕೃತವನ್ನು ಕಲಿಸುತ್ತಿದ್ದಾಗ, ತರುಣರಿಗೂ ಅವರು ಪಾಠ ಹೇಳುವ ಮಾತು ಬಂದಿತು. ಚರ್ಚಿನ ಹಿರಿಯರು ಇದನ್ನು ವಿರೋಧಿಸಿದರು. ಸ್ತ್ರೀಯೊಬ್ಬಳು ಪುರುಷರಿಗೆ ಪಾಠ ಹೇಳಿದರೆ ಭಾರತದಲ್ಲಿ ಅವಳ ಗೌರವಕ್ಕೆ ಕುಂದು ಬರುವುದೆಂಬುದು ಅವರ ವಾದ. ಪಂಡಿತರಿಂದ ಕಿಕ್ಕಿರಿದ ಸಭೆಗಳಲ್ಲಿ ಮಾತನಾಡಿ ಬಂದಿದ್ದ ರಮಾಬಾಯಿಯವರು ಈ ಮಾತನ್ನು ಪತ್ರಗಳ ಮೂಲಕ ಬಲವಾಗಿ ಪ್ರತಿಭಟಿಸಿದರು. ಹೆಣ್ಣಿನ ಸುತ್ತ ಗೆರೆ ಎಳೆಯುವ ಅಭ್ಯಾಸ ಒಂದು ದೇಶಕ್ಕಾಗಲಿ ಒಂದು ಮತಕ್ಕಾಗಲಿ ಸೀಮಿತವಲ್ಲವೆಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು.

1886ರಲ್ಲಿ ಅವರು ಅಮೆರಿಕೆಗೆ ತೆರಳಿದರು. ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಆ ವರ್ಷದ ಮಾರ್ಚ್ 11ರಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಸಮಾರಂಭಕ್ಕೆ ಅವರು ಸಾಕ್ಷಿಯಾದರು. ಶಿಶುವಿಹಾರ ಶಿಕ್ಷಣಪದ್ಧತಿಯನ್ನು ಅಲ್ಲಿ ಅಭ್ಯಾಸ ಮಾಡಿದರು. 1887ರಲ್ಲಿ 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ನಸುಕಿನಲ್ಲಿ ಎಬ್ಬಿಸಿ ಕಲಿಸಿದ ತಾಯಿಗೆ ಅರ್ಪಿಸಿದರು. ಬಾಲ್ಯ, ದಾಂಪತ್ಯ, ವೈಧವ್ಯ ಎಂಬ ಮೂರು ಅವಸ್ಥೆಗಳಲ್ಲಿ ಹೆಣ್ಣು ಅನುಭವಿಸುವ ಕಷ್ಟಗಳನ್ನು ಅದು ಬಿಡಿಸಿಟ್ಟಿತು. ಸ್ವಾವಲಂಬನೆ, ವಿದ್ಯೆ, ದೇಶೀಯ ಅಧ್ಯಾಪಕಿಯರು ಇವು ಮೂರು ಭಾರತೀಯ ಸ್ತ್ರೀಯರ ಮುಖ್ಯ ಅಗತ್ಯಗಳೆಂದು ಅದು ಸಾರಿತು. ಅವರ ಕಾರ್ಯಕ್ಕೆ ಹಣ ಒದಗಿಸಲು ಬಾಸ್ಟನ್ ನಗರದಲ್ಲಿ ಒಂದು ಸಂಘವೇ ಸ್ಥಾಪನೆಯಾಯಿತು.

ಸ್ವದೇಶಕ್ಕೆ ಮರಳಿದ ರಮಾಬಾಯಿಯವರು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ 'ಶಾರದಾ ಸದನ'ವನ್ನು ತೆರೆದರು. ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅಲ್ಲಿಗೆ ಮೊದಲು ಬಂದ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಆಕೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾಗಿ ಬಹಿಷ್ಕಾರವನ್ನು ಎದುರಿಸಿದರು. ಅದೇ ಕರ್ವೆಯವರು 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಕಲಿತ ಒಬ್ಬ ಹೆಣ್ಣುಮಗಳು ಎಷ್ಟು ಬಾಗಿಲುಗಳು ತೆರೆಯಲು ಕಾರಣಳಾಗಬಲ್ಲಳು ಎಂಬುದಕ್ಕೆ ಇದು ನಿದರ್ಶನ.

ಆದರೆ ಸದನದ ದಾರಿ ಸುಗಮವಾಗಿರಲಿಲ್ಲ. ಅಲ್ಲಿ ಮತದ ವಿಷಯದಲ್ಲಿ ತಾಟಸ್ಥ್ಯವನ್ನು ಪಾಲಿಸುವುದಾಗಿ ಜನರಿಗೆ ಭರವಸೆ ನೀಡಲಾಗಿತ್ತು. ವಿದ್ಯಾರ್ಥಿನಿಯರು ಕ್ರೈಸ್ತಮತದತ್ತ ಒಲಿಯುತ್ತಿದ್ದಾರೆಂಬ ಆಪಾದನೆ ಬಂದಾಗ ಪುಣೆಯಲ್ಲಿ ತೀವ್ರ ವಾಗ್ವಾದ ನಡೆಯಿತು. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. ಸದನದ ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರ್ಕರ್ ಮೊದಲಾದ ಸುಧಾರಕರೇ 1893ರಲ್ಲಿ ಸಂಬಂಧವನ್ನು ಕಡಿದುಕೊಂಡರು. ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರನ್ನೂ ಬಲವಂತಪಡಿಸಿಲ್ಲವೆಂಬುದು ರಮಾಬಾಯಿಯವರ ನಿಲುವು. ಕೊಟ್ಟ ಭರವಸೆ ಉಳಿಯಲಿಲ್ಲವೆಂಬುದು ಎದುರಾಳಿಗಳ ನಿಲುವು. ಈ ವಿವಾದದಿಂದ ಅವರು ಹಲವರ ಸ್ನೇಹವನ್ನು ಕಳೆದುಕೊಂಡರು. ಕೆಲಸವನ್ನು ಮಾತ್ರ ಬಿಡಲಿಲ್ಲ.

1896-97ರಲ್ಲಿ ಮಧ್ಯಭಾರತದಲ್ಲಿ ಕ್ಷಾಮ ತಲೆದೋರಿತು. ಹಸಿವೆಂದರೇನೆಂಬುದನ್ನು ತಾರುಣ್ಯದಲ್ಲಿಯೇ ಉಂಡಿದ್ದ ರಮಾಬಾಯಿಯವರು ಸ್ವತಃ ಆ ಪ್ರದೇಶಕ್ಕೆ ಹೋಗಿ ನೂರಾರು ಅನಾಥ ಬಾಲಿಕೆಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿದ್ದ ಅವರ ಹೊಲವೇ 'ಮುಕ್ತಿ' ಎಂಬ ಆಶ್ರಯಧಾಮವಾಗಿ ಬೆಳೆಯಿತು. 1900ರ ಕ್ಷಾಮದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ ಆಶ್ರಯ ಪಡೆದಿದ್ದರು. ಅಕ್ಷರಾಭ್ಯಾಸದೊಡನೆ ಕೃಷಿ, ನೇಯ್ಗೆ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು, ಪುಸ್ತಕಕ್ಕೆ ರಟ್ಟು ಕಟ್ಟುವುದು ಮುಂತಾದ ಕೆಲಸಗಳನ್ನು ಹೆಣ್ಣುಮಕ್ಕಳೇ ಕಲಿತು ನಡೆಸುತ್ತಿದ್ದರು. ಅಂಧರಿಗೆ ಬ್ರೈಲ್ ಲಿಪಿಯನ್ನು ಕಲಿಸಲಾಗುತ್ತಿತ್ತು. ಗಂಡಸರ ಕಸುಬುಗಳೆಂದು ಹೆಸರಾದವು ಅಲ್ಲಿ ಬರಿಯ ಕಸುಬುಗಳಾದವು. ಕಲಿಸುವವರಿದ್ದರೆ ಯಾವ ಕೈಗಾದರೂ ಅವು ಒಗ್ಗುತ್ತವೆಂಬುದು ಮುಕ್ತಿಯ ಅಂಗಳದಲ್ಲಿ ಪ್ರತಿದಿನವೂ ರುಜುವಾತಾಗುತ್ತಿತ್ತು.

ಹುಟ್ಟಿದ ನಾಡಿನೊಡನೆ ರಮಾಬಾಯಿಯವರ ನಂಟು ಮತ್ತೆ ಬೆಸೆಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಅಂದಿನ ಗುಲ್ಬರ್ಗಾ, ಇಂದಿನ ಕಲಬುರಗಿಯಲ್ಲಿ 1913ರ ಸುಮಾರಿಗೆ ಅವರು ಒಂದು ಶಾಲೆಯನ್ನು ಆರಂಭಿಸಿದರು. ಮಗಳು ಮನೋರಮೆ ಅದರ ಹೊಣೆ ಹೊತ್ತರು. ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಬೈಬಲನ್ನು ಸುಲಭ ಮರಾಠಿಗೆ ಅನುವಾದಿಸುವ ಕಾರ್ಯದಲ್ಲಿ ಮಗ್ನರಾದರು. 1919ರಲ್ಲಿ ಸರ್ಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. 1921ರಲ್ಲಿ, ತಮ್ಮ ಬಲಗೈಯಾಗಿದ್ದ ಮಗಳನ್ನು ಅವರು ಕಳೆದುಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು, ಅವರೂ ಕಣ್ಣುಮುಚ್ಚಿದರು. 1989ರಲ್ಲಿ ಭಾರತ ಸರ್ಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.

ರಮಾಬಾಯಿಯವರ ಎಲ್ಲ ಅಭಿಪ್ರಾಯಗಳನ್ನೂ ಅವರ ಕಾಲದವರು ಒಪ್ಪಲಿಲ್ಲ, ಇಂದಿನವರೂ ಒಪ್ಪಬೇಕಾಗಿಲ್ಲ. ಅವರ ಬಾಳು ನಮ್ಮ ಮುಂದಿಡುವ ಪ್ರಶ್ನೆ ಮಾತ್ರ ಹಳತಾಗಿಲ್ಲ. ಗಂಡುಹೆಣ್ಣುಗಳ ನಡುವೆ ನಾವು ಕಾಣುವ ಅಂತರದಲ್ಲಿ ಹುಟ್ಟಿನಿಂದ ಬಂದುದೆಷ್ಟು, ಅವಕಾಶವನ್ನು ಕೊಟ್ಟು ಅಥವಾ ಕಿತ್ತುಕೊಂಡು ನಾವೇ ಮಾಡಿದುದೆಷ್ಟು? ಅನಂತಶಾಸ್ತ್ರಿಗಳ ಮನೆಯಲ್ಲಿ ಹುಟ್ಟದೆ ಪಕ್ಕದ ಮನೆಯಲ್ಲಿ ಹುಟ್ಟಿದ್ದರೆ ಅದೇ ರಮೆ ಅದೇ ಬುದ್ಧಿಯನ್ನು ಹೊತ್ತು ನಿರಕ್ಷರಿಯಾಗಿಯೇ ಬಾಳಿ ಮಡಿಯುತ್ತಿದ್ದಳು. ಹೆಣ್ಣಿಗೆ ಸಂಸ್ಕೃತ ಬಾರದೆಂಬ ಮಾತಿಗೆ ಅವಳೂ ಒಂದು ಸಾಕ್ಷಿಯಾಗಿ ಎಣಿಕೆಯಾಗುತ್ತಿದ್ದಳು. ಹಾಗೆ ಎಣಿಕೆಯಾಗಿ ಹೋದವರ ಲೆಕ್ಕ ಯಾವ ಚರಿತ್ರೆಯಲ್ಲಿಯೂ ಇಲ್ಲ. ಇಂದು ಹುಡುಗಿಯರೂ ಹುಡುಗರೂ ಒಂದೇ ಪಠ್ಯವನ್ನು ಓದುತ್ತಿದ್ದಾರೆ. ಶಾಲೆ ಮುಗಿಸಿ ಮನೆಗೆ ಹೋದ ಮೇಲೆ ಪಾತ್ರೆ ತೊಳೆಯುವವರು ಯಾರು, ಪುಸ್ತಕ ಹಿಡಿಯುವವರು ಯಾರು ಎಂಬುದನ್ನು ಪ್ರತಿಯೊಬ್ಬರೂ ತಮ್ಮತಮ್ಮ ಮನೆಗಳಲ್ಲಿ ಗಮನಿಸಿ ನೋಡಬಹುದು. ನೇತ್ರಾವತಿಯ ಮೂಲದಲ್ಲಿ ಹುಟ್ಟಿದ ಆ ಬಾಲೆಗೆ ನಸುಕಿನ ಒಂದೆರಡು ಗಳಿಗೆಯ ಬಿಡುವು ಸಾಕಾಯಿತು. ಆ ಬಿಡುವನ್ನು ಅವಳಿಗಾಗಿ ಕಾದಿರಿಸಿದವಳು, ತಾನೂ ಅಕ್ಷರವನ್ನು ಕಲಿತ ಒಬ್ಬ ತಾಯಿ.